ಚೇಲನೂ ಅಂತೇವಾಸಿಯೂ: ಸೈನ್ಯದ ಆಶ್ರಯದಲ್ಲಿ ಬೆಳೆದ ಬಾಲಕರ ವಿಚಾರ

ಚೇಲ ಎಂಬ ಶಬ್ದವು ಈಗಿನ ಕನ್ನಡದಲ್ಲಿ ದೊಡ್ಡವನೊಬ್ಬನ ಹಿಂದೆ ತಿರುಗುವ ಹಿಂಬಾಲಕನಿಗೆ ತುಸು ತಿರಸ್ಕಾರದಿಂದ ಸಲ್ಲುತ್ತದೆ. ಸಂಸ್ಕೃತದಲ್ಲಿ ಚೇಲವೆಂದರೆ ವಸ್ತ್ರ. ಕುಚೇಲನೆಂಬ ಹೆಸರಿನಲ್ಲಿರುವುದು ಆ ಶಬ್ದವೇ. ಹಿಂಬಾಲಕನೆಂಬರ್ಥದ ಚೇಲನಿಗೂ ಅದಕ್ಕೂ ಸಂಬಂಧವಿಲ್ಲ. ಇದು ಹಿಂದೂಸ್ಥಾನಿಯಿಂದ ಬಂದುದು. ಅಲ್ಲಿ ಇದಕ್ಕೆ ಶಿಷ್ಯನೆಂದೇ ಮುಖ್ಯಾರ್ಥ. ಶಿಷ್ಯನೆಂಬ ಗೌರವದ ಮಾತು ಸೇವಕನ ಕಡೆಗೆ ಇಳಿದುದಕ್ಕೆ ಚರಿತ್ರೆಯಲ್ಲಿ ಒಂದು ಕಾರಣವು ದೊರೆಯುತ್ತದೆ. ಅಕ್ಬರ್ ಬಾದಶಹನಿಗೆ ದಾಸನೆಂಬರ್ಥದ 'ಬಂದಾ' ಎಂಬ ಶಬ್ದವು ಹಿಡಿಸದೆ, ತನ್ನ ದಾಸವರ್ಗವನ್ನು ಚೇಲರೆಂದು ಕರೆಯುವಂತೆ ಮಾಡಿದನೆಂದು ಅಬುಲ್ ಫಜಲನು ಐನ್-ಎ-ಅಕ್ಬರಿಯಲ್ಲಿ ಬರೆದಿದ್ದಾನೆ. ಹೆಸರು ಶಿಷ್ಯನದಾಯಿತು, ಸ್ಥಿತಿಯು ಮಾತ್ರ ದಾಸನದಾಗಿಯೇ ಉಳಿಯಿತು.

ಇದೇ ಹೆಸರನ್ನು ಎರಡು ಶತಮಾನಗಳ ಅನಂತರ ಮೈಸೂರಿನ ಸೈನ್ಯದ ಒಂದು ಅಂಗವು ಹೊತ್ತಿತು. ಹೈದರಾಲಿಯ ಕಾಲದಲ್ಲಿ ಹುಟ್ಟಿ ಟಿಪ್ಪು ಸುಲ್ತಾನನ ಕಾಲದಲ್ಲಿ ಬೆಳೆದ ಚೇಲ ದಳಗಳು, ಬಾಲಕರನ್ನು ಸೈನ್ಯದ ವಾಸದಲ್ಲಿಟ್ಟು ಅನ್ನವಸ್ತ್ರಗಳನ್ನು ಕೊಟ್ಟು ಕವಾಯತು ಕಲಿಸಿ ಹೊಸ ಮನುಷ್ಯರನ್ನಾಗಿ ಮಾಡಬೇಕೆಂಬ ಯತ್ನಗಳಲ್ಲಿ ಕನ್ನಡನಾಡು ಕಂಡವುಗಳೊಳಗೆ ಅತ್ಯಂತ ದೊಡ್ಡದು. ದಿಕ್ಕಿಲ್ಲದ, ಅಥವಾ ದಾರಿತಪ್ಪುವ ಭಯವುಳ್ಳ ಹುಡುಗರನ್ನು ಸೇನೆಯ ಶಿಸ್ತಿನಲ್ಲಿ ಬೆಳೆಸುವುದು ಹಿತವೆಂಬ ಮಾತು ಇಂದು ಅನೇಕ ದೇಶಗಳಲ್ಲಿ ಕೇಳಿಬರುತ್ತದೆ. ಆ ಮಾತನ್ನು ತೂಗುವುದಕ್ಕೆ ಈ ನಾಡಿನ ಹಳೆಯ ಅನುಭವವು ಏನು ಹೇಳುತ್ತದೆಂಬುದು ವಿಚಾರಾರ್ಹವಾಗಿದೆ.

ತೂಗುವುದಕ್ಕೆ ಅಳತೆಗೋಲು ಬೇಕು. ಅದೂ ಕನ್ನಡನಾಡಿನಲ್ಲಿಯೇ ಇದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (ಕ್ರಿ. ಶ. 1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದನು. ಅದರ ವ್ಯವಹಾರಾಧ್ಯಾಯದಲ್ಲಿ, ಒಪ್ಪಿಕೊಂಡ ಸೇವೆಯನ್ನು ಮಾಡದಿರುವಿಕೆಯೆಂಬ ವಿವಾದಪದದ ಕೆಳಗೆ, ಸೇವೆ ಮಾಡುವವರ ಭೇದಗಳು ವಿಚಾರಿಸಲ್ಪಟ್ಟಿವೆ. ಇಲ್ಲಿ ವಿಜ್ಞಾನೇಶ್ವರನಿಗೆ ಮುಖ್ಯಾಧಾರವು ನಾರದನ ಮತ. ವೇದವನ್ನೋದುವ ಶಿಷ್ಯ, ಶಿಲ್ಪವನ್ನು ಕಲಿಯುವ ಅಂತೇವಾಸಿ, ಕೂಲಿಯ ಭೃತಕ, ಮೇಲ್ವಿಚಾರಣೆಯ ಅಧಿಕರ್ಮಕೃತ್, ಕೊನೆಗೆ ದಾಸ: ಹೀಗೆ ಐವರು. ಇವರಲ್ಲಿ ಅಂತೇವಾಸಿಯ ಲಕ್ಷಣವು ಪ್ರಕೃತ ವಿಷಯಕ್ಕೆ ಬಹಳ ಹತ್ತಿರವಾದುದು. ಅವನು ಬಂಧುಗಳ ಅನುಮತಿಯಿಂದ ಬರಬೇಕು. ಇಷ್ಟು ಕಾಲವಿರುವೆನೆಂದು ಮೊದಲೇ ನಿಶ್ಚಯವಾಗಿರಬೇಕು. ಆಚಾರ್ಯನು ತನ್ನ ಮನೆಯ ಅನ್ನವನ್ನು ಕೊಟ್ಟು ಕಲಿಸಬೇಕು, ಕಲಿಕೆಗೆ ಹೊರತಾದ ಕೆಲಸಗಳನ್ನು ಮಾಡಿಸಬಾರದು, ಮಗನಂತೆ ನಡೆಯಿಸಿಕೊಳ್ಳಬೇಕು. ಅವಧಿ ತೀರಿದಾಗ ಅವನು ಆಚಾರ್ಯನಿಗೆ ಪ್ರದಕ್ಷಿಣೆ ಮಾಡಿ ತನ್ನವರ ಬಳಿಗೆ ಹಿಂದಿರುಗಬೇಕು.

ಈ ಶಾಸ್ತ್ರವು ಮೃದುವಾದುದೆಂದು ತಿಳಿಯತಕ್ಕದ್ದಲ್ಲ. ದೋಷವಿಲ್ಲದ ಆಚಾರ್ಯನನ್ನು ನಡುವೆ ಬಿಟ್ಟೋಡುವ ಅಂತೇವಾಸಿಯನ್ನು ಬಲಾತ್ಕಾರದಿಂದ ಇರಿಸಿಕೊಳ್ಳಬಹುದೆಂದೂ ದಂಡಿಸಬಹುದೆಂದೂ ನಾರದನು ಹೇಳುತ್ತಾನೆ. ಬೇಗನೆ ಕಲಿತುಬಿಟ್ಟವನೂ ಒಪ್ಪಿದ ಕಾಲ ತುಂಬುವವರೆಗೆ ಗುರುಗೃಹದಲ್ಲಿರಬೇಕೆಂದು ಯಾಜ್ಞವಲ್ಕ್ಯನ ವಿಧಿ. ದಾಸರಲ್ಲಿ ಹದಿನೈದು ಬಗೆಯನ್ನೆಣಿಸಿ, ಯುದ್ಧದಲ್ಲಿ ಸಿಕ್ಕಿದವನನ್ನೂ ಅದರೊಳಗೆ ಸೇರಿಸಿದೆ. ಆದರೂ ಎರಡು ಗಡಿಗಳನ್ನು ಶಾಸ್ತ್ರವು ಗಟ್ಟಿಯಾಗಿ ಎಳೆದಿದೆ. ಅಂತೇವಾಸಿಗೂ ದಾಸನಿಗೂ ಹೆಸರಿನಲ್ಲಿ ಗೊಂದಲವಿಲ್ಲ. ಬಲಾತ್ಕಾರದಿಂದ ದಾಸನಾದವನನ್ನು ಬಿಡತಕ್ಕದ್ದೆಂಬುದರಲ್ಲಿಯೂ ಸಂದೇಹವಿಲ್ಲ. ಅನುಮತಿ, ಅವಧಿ, ಪುತ್ರಭಾವ, ಹಿಂದಿರುಗುವಿಕೆ ಎಂಬ ನಾಲ್ಕನ್ನು ಹಿಡಿದು ಮುಂದಿನ ಸಂಗತಿಗಳನ್ನು ನೋಡಬಹುದು.

ಹೈದರಾಲಿಯ ಬಾಲ್ಯವೇ ಇಲ್ಲಿ ಮೊದಲ ಉದಾಹರಣೆ. ತಂದೆ ಫತೇ ಮಹಮ್ಮದನು ಯುದ್ಧದಲ್ಲಿ ಮಡಿದಾಗ ಹೈದರನೂ ಅಣ್ಣ ಶಹಬಾಜನೂ ಎಳೆಯ ಮಕ್ಕಳು. ದೊಡ್ಡಬಳ್ಳಾಪುರದಲ್ಲಿ ಅಬ್ಬಾಸ್ ಕುಲಿ ಖಾನನು ಹಣಕ್ಕಾಗಿ ಈ ಮಕ್ಕಳನ್ನು ಹಿಂಸೆಪಡಿಸಿದನೆಂದು ಮಾರ್ಕ್ ವಿಲ್ಕ್ಸನು ಬರೆದಿದ್ದಾನೆ. ಅವರನ್ನು ಉಳಿಸಿದವನು ಶ್ರೀರಂಗಪಟ್ಟಣದಲ್ಲಿ ಮೈಸೂರಿನ ಸೇನೆಯಲ್ಲಿದ್ದ ಒಬ್ಬ ದಾಯಾದಿ ಬಂಧು. ಅವನ ನೆರಳಿನಲ್ಲಿ, ಸೈನ್ಯದ ನಡುವೆ, ಆ ಹುಡುಗರು ಬೆಳೆದರು. ಹೈದರನು ಓದುಬರಹ ಕಲಿಯಲಿಲ್ಲ. ಕತ್ತಿ ಕುದುರೆಗಳ ವಿದ್ಯೆಯಲ್ಲಿ ಮಾತ್ರ ಯಾರಿಗೂ ಕಡಿಮೆಯಾಗಲಿಲ್ಲ. ಅನಾಥನಾದ ಬಾಲಕನು ಸೈನ್ಯದ ಆಶ್ರಯದಲ್ಲಿ ಮನುಷ್ಯನಾದುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಕಿಲ್ಲ. ಆದರೆ ಆ ಆಶ್ರಯವನ್ನು ಕೊಟ್ಟವನು ಬಂಧು. ಹುಡುಗನ ಹೆಸರೂ ಮತವೂ ತಾಯಿಯ ಸಂಬಂಧವೂ ಹಾಗೆಯೇ ಉಳಿದವು. ಮುಂದೆ ಅದೇ ಹೈದರನು ಇತರರ ಮಕ್ಕಳಿಗೆ ಕೊಟ್ಟ ಆಶ್ರಯವು ಬೇರೆ ತೆರನಾದುದಾಯಿತು.

1766ರಲ್ಲಿ ಹೈದರನು ಮಲಬಾರನ್ನು ಗೆದ್ದಾಗ ಸೆರೆಸಿಕ್ಕಿದ ನಾಯರ್ ಬಾಲಕರಲ್ಲಿ ಕೆಲವರು ಮತಾಂತರಹೊಂದಿ ಅವನ ಪರಿವಾರದಲ್ಲಿ ಬೆಳೆದರು. 1779ರ ಮಾರ್ಚಿಯಲ್ಲಿ ಮದಕರಿನಾಯಕನ ಚಿತ್ರದುರ್ಗವು ಬಿದ್ದಿತು. ದುರ್ಗದ ಬಲವೆಂದರೆ ಅದರ ಬೇಡ ಪಡೆ. ಸೋತರೂ ಅವರು ಬಾಗುವವರಲ್ಲವೆಂದು ಹೈದರನಿಗೆ ಚೆನ್ನಾಗಿ ತಿಳಿದಿದ್ದಿತು. ಅವರಲ್ಲಿ ಸುಮಾರು ಇಪ್ಪತ್ತು ಸಾವಿರ ಜನರನ್ನು ನೆಲೆಯಿಂದ ಕಿತ್ತು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದನೆಂದೂ, ಆ ಗುಂಪಿನೊಳಗೆ ತಕ್ಕ ವಯಸ್ಸಿನ ಹುಡುಗರನ್ನು ಆರಿಸಿ, ಬಲಾತ್ಕಾರದಿಂದ ಮತವನ್ನು ಬದಲಿಸಿ, ಚೇಲ ದಳಗಳನ್ನು ಕಟ್ಟಿದನೆಂದೂ ವಿಲ್ಕ್ಸನ ಹೇಳಿಕೆ. ತುರ್ಕಿಯ ಸುಲ್ತಾನರು ತಮ್ಮ ಕ್ರೈಸ್ತ ಪ್ರಜೆಗಳ ಮಕ್ಕಳನ್ನೆತ್ತಿಕೊಂಡು ಯೆನಿಚೆರಿ ಎಂಬ ಪಡೆಯನ್ನು ಬೆಳೆಸಿದ ಪದ್ಧತಿಗೂ ಇದಕ್ಕೂ ಸಾಮ್ಯವು ಎದ್ದು ಕಾಣುತ್ತದೆ. ಹಿಂದಿನ ಬಂಧುವಿಲ್ಲದವನಿಗೆ ಮುಂದಿನ ಒಡೆಯನೊಬ್ಬನೇ ಗತಿ. ಪಾಳೆಯಗಾರರ ಮೇಲೂ ಹಳೆಯ ಮನೆತನಗಳ ಮೇಲೂ ನಂಬಿಕೆಯಿಲ್ಲದ ಹೊಸ ಅರಸನಿಗೆ ಅಂತಹ ಪಡೆಯೇ ಬೇಕಾಗಿದ್ದಿತು. ಚೇಲ ದಳದ ಯುಕ್ತಿಯೆಲ್ಲವೂ ಇಷ್ಟೇ.

ವಿಲ್ಕ್ಸನು 1803ರಿಂದ 1808ರವರೆಗೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದವನು. ಗೆದ್ದವರ ಪಕ್ಷದ ಲೇಖಕ. ಹೈದರ್ ಟಿಪ್ಪುಗಳ ವಿಷಯದಲ್ಲಿ ಅವನ ಮಾತನ್ನು ಒರೆಹಚ್ಚದೆ ಒಪ್ಪಲಾಗದು. ಆದರೆ ಚೇಲ ದಳಗಳ ಇರವು ಅವನೊಬ್ಬನ ಸಾಕ್ಷ್ಯದಿಂದ ನಿಂತಿಲ್ಲ. ಟಿಪ್ಪುವಿನ ಆಶ್ರಯದಲ್ಲಿದ್ದು ಅವನನ್ನು ಕೊಂಡಾಡಿ ಬರೆದ ಮೀರ್ ಹುಸೇನಾಲಿ ಕಿರ್ಮಾನಿಯೂ ಕೊಡಗಿನಿಂದ ತಂದವರನ್ನು ಅಹ್ಮದೀ ಪಂಗಡವಾಗಿ ಏರ್ಪಡಿಸಿದುದನ್ನು ಮುಚ್ಚುವುದಿಲ್ಲ. ಅದು ಒಡೆಯನ ಸಾಧನೆಯೆಂದೇ ಹೇಳುತ್ತಾನೆ. ಜನರ ಸಂಖ್ಯೆಯಲ್ಲಿ ಲೇಖಕರು ಹೊಂದುವುದಿಲ್ಲ. ಪದ್ಧತಿಯ ಸ್ವರೂಪದಲ್ಲಿ ಹೊಂದುತ್ತಾರೆ. ಎರಡು ಎದುರು ಪಕ್ಷಗಳು ಒಪ್ಪುವ ಅಂಶವನ್ನು ನಂಬುವುದಕ್ಕೆ ಅಡ್ಡಿಯಿಲ್ಲ.

ಈ ಬಾಲಕರಲ್ಲಿ ಅತ್ಯುನ್ನತ ಪದವಿಗೇರಿದವನು ಶೇಖ್ ಅಯಾಜ್. ಅವನು ಚಿರಕ್ಕಲ್ ಸೀಮೆಯ ನಾಯರ್ ಕುಲದವನು; ಮಲಬಾರಿನ ಸೆರೆಯವರಲ್ಲೊಬ್ಬನಾಗಿ ಬಂದು ಹೈದರನ ಕಣ್ಣಿಗೆ ಬಿದ್ದನು. ಅವನ ಧೈರ್ಯವನ್ನೂ ನಿಷ್ಠೆಯನ್ನೂ ಮೆಚ್ಚಿದ ಹೈದರನು ಅವನನ್ನು ಮಗನಂತೆ ಕಂಡನು; ಸ್ವಂತ ಮಗನಾದ ಟಿಪ್ಪುವಿನ ಎದುರಿಗೇ ಅವನನ್ನು ಹೊಗಳುತ್ತಿದ್ದನು. ಚಿತ್ರದುರ್ಗವನ್ನು ಗೆದ್ದ ಮೇಲೆ ಅದರ ಅಧಿಕಾರವನ್ನು ಅವನಿಗೇ ಕೊಟ್ಟನು. ಬೇಡರ ಮಕ್ಕಳು ಚೇಲರಾಗಿ ಪಟ್ಟಣಕ್ಕೆ ಹೋದರು. ಚೇಲನೊಬ್ಬನು ಅವರ ದುರ್ಗಕ್ಕೆ ಅಧಿಪತಿಯಾಗಿ ಬಂದನು. ಆಗ ಅಯಾಜನು ತನಗೆ ಓದುಬರಹ ಬಾರದೆಂದು ಹಿಂಜರಿಯಲು, ಬಲಗೈಯ ಬಳಿಯಲ್ಲಿ ಚಾವಟಿಯೊಂದನ್ನಿಟ್ಟುಕೊ, ಮಸಿ ಲೇಖನಿಗಳಿಗಿಂತ ಅದು ಚೆನ್ನಾಗಿ ಕೆಲಸಮಾಡುವುದೆಂದು ಹೈದರನು ಹೇಳಿದನೆಂಬ ವೃತ್ತಾಂತವು ವಿಲ್ಕ್ಸನಲ್ಲಿದೆ.

ಈ ವೃತ್ತಾಂತವನ್ನು ಹೈದರನ ಚಮತ್ಕಾರವೆಂದು ನಕ್ಕು ಬಿಡುವುದು ವಾಡಿಕೆ. ಆದರೆ ಇದರಲ್ಲಿ ಒಂದು ಗಂಭೀರ ಸಂಗತಿಯಿದೆ. ಒಡೆಯನಿಗೆ ಅತ್ಯಂತ ಪ್ರಿಯನಾದ ಚೇಲನಿಗೂ ಹನ್ನೆರಡು ಹದಿಮೂರು ವರ್ಷಗಳ ವಾಸದಲ್ಲಿ ಅಕ್ಷರವು ದೊರೆತಿರಲಿಲ್ಲ. ಒಡೆಯನಿಗೆ ಬೇಕಾದುದನ್ನು ಮಾತ್ರ ಕಲಿಸಲಾಗಿತ್ತು, ಹುಡುಗನಿಗೆ ಬೇಕಾದುದನ್ನಲ್ಲ. ಪುತ್ರಭಾವವು ಇದ್ದಿತು, ಅದೂ ಒಬ್ಬನ ಮೇಲೆ, ಒಬ್ಬನಿಂದ. ಅದು ವ್ಯವಸ್ಥೆಯ ಧರ್ಮವಾಗಿರಲಿಲ್ಲ. ಆದುದರಿಂದಲೇ ಆ ಒಬ್ಬನು ಹೋದೊಡನೆ ಅದೂ ಹೋಯಿತು. 1782ರ ಡಿಸೆಂಬರ್ 7ರಂದು ಹೈದರನು ತೀರಿಕೊಂಡಾಗ ಅಯಾಜನು ಬಿದನೂರಿನ ಅಧಿಪತಿಯಾಗಿದ್ದನು. ಅವನನ್ನು ಕೊಲ್ಲಬೇಕೆಂಬ ಟಿಪ್ಪುವಿನ ಆಜ್ಞಾಪತ್ರವು ಅವನ ಕೈಗೇ ಸಿಕ್ಕಿತೆಂದೂ, ಪರರಿಂದ ಓದಿಸಿ ವಿಷಯವನ್ನು ತಿಳಿದನೆಂದೂ ಹೇಳಲ್ಪಟ್ಟಿದೆ. 1783ರ ಜನವರಿಯಲ್ಲಿ ಅವನು ಬಿದನೂರನ್ನು ಇಂಗ್ಲಿಷರ ಜನರಲ್ ಮ್ಯಾಥ್ಯೂಸನಿಗೆ ಒಪ್ಪಿಸಿದನು. ಕೆಲವು ತಿಂಗಳಲ್ಲಿಯೇ ಟಿಪ್ಪುವು ಅದನ್ನು ಮರಳಿ ಗೆದ್ದನು. ಅಯಾಜನು ಮುಂಬಯಿಗೆ ಹೋಗಿ ಉಳಿದನು. ಇದನ್ನು ದ್ರೋಹವೆನ್ನುವ ಚರಿತ್ರಕಾರರಿದ್ದಾರೆ. ತನ್ನವರನ್ನು ಕಳೆದುಕೊಂಡು ಒಬ್ಬ ಒಡೆಯನ ಪ್ರೀತಿಯ ಮೇಲೆ ಮಾತ್ರ ನಿಂತವನಿಗೆ ಆ ಪ್ರೀತಿಯು ಮುಗಿದಾಗ ನಿಷ್ಠೆಯಿಡುವುದಕ್ಕೆ ಏನು ಉಳಿದಿದ್ದಿತೆಂಬುದನ್ನೂ ಅವರು ವಿಚಾರಿಸಬೇಕಾಗಿತ್ತು.

ಒಳಗಿನ ಜೀವನವು ಹೇಗಿದ್ದಿತೆಂಬುದಕ್ಕೆ ಬೇಡ ಬಾಲಕರಾಗಲಿ ನಾಯರ್ ಬಾಲಕರಾಗಲಿ ಬರೆದಿಟ್ಟ ಮಾತಿಲ್ಲ. ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹುಡುಗನ ಬರಹವು 1824ರಲ್ಲಿ ಅಚ್ಚಾಗಿದೆ. 1782ರಲ್ಲಿ ಹ್ಯಾನಿಬಲ್ ಎಂಬ ಹಡಗು ಫ್ರೆಂಚರ ಕೈಸೇರಿ, ಅದರಲ್ಲಿದ್ದವರು ಹೈದರನಿಗೆ ಒಪ್ಪಿಸಲ್ಪಟ್ಟರು. ಆಗ ಸ್ಕರಿಗೆ ಹದಿನಾರರ ಸುಮಾರು. ಬೆಂಗಳೂರಿನಲ್ಲಿ ಎಳೆಯರನ್ನು ಬೇರ್ಪಡಿಸಿ ಶ್ರೀರಂಗಪಟ್ಟಣಕ್ಕೆ ಕಳುಹಿಸಿ, ತಲೆ ಬೋಳಿಸಿ, ಮತವನ್ನೂ ಹೆಸರನ್ನೂ ಬದಲಿಸಿ, ಚೇಲ ದಳಕ್ಕೆ ಸೇರಿಸಿದರು. ಇತರ ಚೇಲರಿಗೆ ಕವಾಯತು ಹೇಳಿಕೊಡುವ ಕೆಲಸವೂ ಬಂದಿತು. ಸುಮಾರು ಹತ್ತು ವರ್ಷಗಳ ಮೇಲೆ ಅವನು ತಪ್ಪಿಸಿಕೊಂಡು ತನ್ನವರನ್ನು ಸೇರಿದಾಗ ಕುರ್ಚಿಯ ಮೇಲೆ ಕುಳಿತುಕೊಳ್ಳುವುದು ಮರೆತಿದ್ದಿತು; ತಾಯ್ನುಡಿಯೂ ತಡವರಿಸುತ್ತಿತ್ತು. ಸ್ಕರಿಗೆ ಹಿಂದಿರುಗಲು ಒಂದು ದೇಶವಿದ್ದಿತು, ಬರೆಯಲು ಅಕ್ಷರವಿದ್ದಿತು. ಚಿತ್ರದುರ್ಗದ ಹುಡುಗನಿಗೆ ಎರಡೂ ಇರಲಿಲ್ಲ. ಅವನ ಪಾಡನ್ನು ಈ ಪರಭಾಷೆಯ ಬರಹದ ಸಂದಿನಿಂದಲೇ ಊಹಿಸಬೇಕಾಗಿದೆ.

ಈ ಪದ್ಧತಿಯು ಅರಸನಿಗಾದರೂ ಫಲಿಸಿತೇ? ಅದಕ್ಕೆ ಉತ್ತರವು ಒಂದು ರಾತ್ರಿಯಲ್ಲಿ ಸಿಕ್ಕಿತು. 1785–86ರಲ್ಲಿ ಟಿಪ್ಪುವು ಕೊಡಗಿನಿಂದ ಸಾವಿರಾರು ಜನರನ್ನು ಹಿಡಿತರಿಸಿ ಅಹ್ಮದೀ ಎಂಬ ಹೆಸರಿನ ಚೇಲ ದಳಗಳಲ್ಲಿ ನಿಲ್ಲಿಸಿದ್ದನು. ಬಟ್ಟೆ, ಆಯುಧ, ಅಭ್ಯಾಸ, ಯಾವುದಕ್ಕೂ ಕೊರತೆಯಿರಲಿಲ್ಲ. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯವು ಶ್ರೀರಂಗಪಟ್ಟಣದ ಹೊರಪಾಳೆಯದ ಮೇಲೆ ಬಿದ್ದಾಗ, ಆ ಗದ್ದಲದಲ್ಲಿ ಅಹ್ಮದೀ ಚೇಲರು ಆಯುಧಗಳೊಡನೆಯೇ ಸಾಲುಬಿಟ್ಟು ಕೊಡಗಿನ ಕಾಡುಗಳ ದಾರಿ ಹಿಡಿದರು. ಅವರ ಸಂಖ್ಯೆ ಹತ್ತು ಸಾವಿರವೆಂದು ವಿಲ್ಕ್ಸನು ಬರೆಯುತ್ತಾನೆ. ಸಂಖ್ಯೆಯು ಹೆಚ್ಚುಕಡಮೆಯಾಗಿರಬಹುದು, ದಿಕ್ಕು ಮಾತ್ರ ಸ್ಪಷ್ಟ. ಅವರು ಶತ್ರುವಿನ ಕಡೆಗೆ ಹೋಗಲಿಲ್ಲ, ಮನೆಯ ಕಡೆಗೆ ಹೋದರು. ಶಾಸ್ತ್ರವು ಅಂತೇವಾಸಿಗೆ ಪ್ರದಕ್ಷಿಣೆ ಮಾಡಿಸಿ ಕೊಡಿಸುವ ಹಿಂದಿರುಗುವಿಕೆಯನ್ನು ಆ ಚೇಲರು ಬಾಗಿಲು ತೆರೆದ ಗಳಿಗೆಯಲ್ಲಿ ತಾವೇ ತೆಗೆದುಕೊಂಡರು. ಕವಾಯತು ಅವರಿಗೆ ಚೆನ್ನಾಗಿಯೇ ಬಂದಿತ್ತು. ಕವಾಯತಿನಿಂದ ಮನೆಯು ಅಳಿಸಿಹೋಗಿರಲಿಲ್ಲ.

ಟಿಪ್ಪುವಿನ ಪತನದ ಮೇಲೆ, ಉತ್ತರದ ಗಡಿಯಲ್ಲಿ, ಇದಕ್ಕೆ ತೀರ ವಿರುದ್ಧವಾದ ಒಂದು ಸಣ್ಣ ಸಂಗತಿ ನಡೆಯಿತು. ಚನ್ನಗಿರಿಯ ಧೋಂಡಿಯ ವಾಘನು ಮೊದಲು ಹೈದರನ ಕುದುರೆಯಾಳಾಗಿದ್ದು, ಬಳಿಕ ಸ್ವತಂತ್ರನಾಗಿ ದಾಳಿಮಾಡುತ್ತಿದ್ದವನು. 1794ರಲ್ಲಿ ಟಿಪ್ಪುವಿನ ಬಳಿಗೆ ಬಂದ ಅವನನ್ನು ಮತಾಂತರಗೊಳಿಸಿ ಶೇಖ್ ಅಹ್ಮದನೆಂದು ಹೆಸರಿಟ್ಟು ಸೆರೆಯಲ್ಲಿಡಲಾಗಿತ್ತು. 1799ರ ಮೇ 4ರಂದು ಪಟ್ಟಣವು ಬಿದ್ದಾಗ ಅವನು ಹೊರಬಿದ್ದು, ಒಡೆದ ಸೈನ್ಯದ ಚೂರುಗಳನ್ನು ಕೂಡಿಸಿಕೊಂಡು ತುಂಗಭದ್ರೆಯಿಂದ ಮಲಪ್ರಭೆಯವರೆಗಿನ ಸೀಮೆಯನ್ನು ನಡುಗಿಸಿದನು. 1800ರ ಜೂನ್ 30ರಂದು ಕಿತ್ತೂರಿನ ಹತ್ತಿರ ಮರಾಠರ ಧೋಂಡೋಪಂತ ಗೋಖಲೆಯನ್ನು ಅವನು ಕೊಂದಾಗ, ಗೋಖಲೆಯ ಅಳಿದುಳಿದ ಸೇನೆಯು ಹಳಿಯಾಳಕ್ಕೆ ಬಂದು ಸೇರಿತು. ಸೂಪ, ಹಳಿಯಾಳ, ಈಗ ದಾಂಡೇಲಿಯ ಮಗ್ಗುಲಿಗಿರುವ ಮೌಳಂಗಿಯಂತಹ ಕಾಳೀತೀರದ ಹಳ್ಳಿಗಳು, ಇವೆಲ್ಲ ಆಗ ಕಂಪನಿಗೆ ಹೊಸದಾಗಿ ಸೇರಿದ ಕಾಡುಗಡಿ. ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಹಳಿಯಾಳದ ಠಾಣ್ಯದ ಹೆಸರು ಕಾಣಿಸಿಕೊಳ್ಳುತ್ತದೆ.

ಅದೇ ವರ್ಷದ ಸೆಪ್ಟೆಂಬರ್ 10ರಂದು ನಿಜಾಮನ ಸೀಮೆಯ ಕೋನಗಲ್ಲಿನಲ್ಲಿ ವೆಲ್ಲೆಸ್ಲಿಯು ಧೋಂಡಿಯನನ್ನು ಸೋಲಿಸಿ ಕೊಂದನು. ಬಿಟ್ಟುಹೋದ ಸಾಮಾನುಗಳ ನಡುವೆ ಸುಮಾರು ನಾಲ್ಕು ವರ್ಷದ ಗಂಡುಮಗುವೊಂದು ಸಿಕ್ಕಿತು: ಧೋಂಡಿಯನ ಮಗ ಸಲಾಬತ್ ಖಾನ್. ವೆಲ್ಲೆಸ್ಲಿಯು ಆ ಮಗುವನ್ನು ತನ್ನ ಡೇರೆಗೆ ಕರೆತರಿಸಿ ಸಾಕಿದನು. 1805ರಲ್ಲಿ ಹಿಂದೂಸ್ಥಾನವನ್ನು ಬಿಡುವಾಗ ಅವನ ಪೋಷಣೆಗೆಂದು ಹಣವನ್ನಿಟ್ಟು ಹೋದನು. ಸಲಾಬತನು ಬೆಳೆದು ಮೈಸೂರು ಅರಸರ ಸೇವೆಗೆ ಸೇರಿ 1822ರಲ್ಲಿ ಕಾಲರಾದಿಂದ ತೀರಿಕೊಂಡನು. ತಂದೆಯನ್ನು ಕೊಂದವನೇ ಸಾಕಿದನೆಂಬ ಕಠಿನ ಸಂಗತಿಯನ್ನು ಮರೆಯುವಂತಿಲ್ಲ. ಆದರೂ ಹುಡುಗನ ಹೆಸರು ಬದಲಾಗಲಿಲ್ಲ. ಅವನು ಬೆಳೆದುದು ತನ್ನ ನಾಡಿನಲ್ಲಿ. ದೊಡ್ಡವನಾದ ಮೇಲೆ ಸೇವೆ ಸಲ್ಲಿಸಿದುದು ಸಾಕಿದವನಿಗಲ್ಲ, ಆ ನಾಡಿನ ಅರಸನಿಗೆ. ಅಯಾಜನಿಗೆ ದೊರೆತ ವೈಭವದ ನೂರರಲ್ಲೊಂದು ಪಾಲೂ ಇವನಿಗೆ ದೊರೆಯಲಿಲ್ಲ. ಅಯಾಜನಿಗಿಲ್ಲದ ನೆಲೆಯು ದೊರೆಯಿತು.

ಹತ್ತೊಂಬತ್ತು ಇಪ್ಪತ್ತನೆಯ ಶತಮಾನಗಳಲ್ಲಿ ಬಾಲಕರ ವಾಸಶಿಕ್ಷಣವು ಕಾನೂನಿನ ರೂಪವನ್ನು ತಾಳಿತು. ಇಂಗ್ಲೆಂಡಿನ ಬೋರ್ಸ್ಟಲ್ ಎಂಬ ಹಳ್ಳಿಯ ಸೆರೆಮನೆಯಲ್ಲಿ ತರುಣ ಅಪರಾಧಿಗಳಿಗಾಗಿ ಮೊದಲಾದ ಪದ್ಧತಿಯು 1908ರಲ್ಲಿ ಅಲ್ಲಿ ಶಾಸನವಾಯಿತು. ಮುಂಬಯಿ ಪ್ರಾಂತವು 1929ರಲ್ಲಿ ಬೋರ್ಸ್ಟಲ್ ಶಾಲೆಗಳ ಕಾಯಿದೆಯನ್ನು ಮಾಡಿತು. ಹಳಿಯಾಳಕ್ಕೆ ನೆರೆಯ ಧಾರವಾಡದಲ್ಲಿ ಆ ಪ್ರಾಂತದ ಬೋರ್ಸ್ಟಲ್ ಶಾಲೆಯಿದ್ದಿತು. ಅದು ಸೈನ್ಯದ ಸಂಸ್ಥೆಯಲ್ಲ. ದಿನಚರಿಯ ಬಿಗಿಯಲ್ಲಿ ಮಾತ್ರ ಸೈನ್ಯದ ನೆರಳಿದ್ದಿತು. ನಾಲ್ಕು ಲಕ್ಷಣಗಳಲ್ಲಿ ಅನುಮತಿಯು ಅಲ್ಲಿಲ್ಲ, ನ್ಯಾಯಾಲಯದ ಆಜ್ಞೆಯಿದೆ; ಆದರೆ ಅವಧಿಯು ನಿಶ್ಚಿತ, ಬಿಡುಗಡೆಯೇ ಗುರಿ. ಚೇಲನ ಸ್ಥಿತಿಗಿಂತ ಇದು ಒಂದು ದೊಡ್ಡ ಹೆಜ್ಜೆ ಮುಂದಿನದು.

ಸೈನ್ಯವು ತಾನೇ ನಡೆಯಿಸುವ ಶಾಲೆಗಳು ಬೇರೆಯ ಮಾರ್ಗದಿಂದ ಬಂದವು. ಸಿಪಾಯಿಗಳ ಮಕ್ಕಳಿಗಾಗಿ ಕಿಂಗ್ ಜಾರ್ಜ್ ಶಾಲೆಗಳೆಂಬ ಹೆಸರಿನಲ್ಲಿ ಮೊದಲು ಉತ್ತರದಲ್ಲಿ ಸ್ಥಾಪಿತವಾದ ಇವು, ಬೆಳಗಾವಿಯಲ್ಲಿ 1945ರಲ್ಲಿಯೂ ಬೆಂಗಳೂರಿನಲ್ಲಿ 1946ರಲ್ಲಿಯೂ ತೊಡಗಿದವು. 1952ರಲ್ಲಿ ಇತರರ ಮಕ್ಕಳಿಗೂ ತೆರೆದವು. ಈಗ ರಾಷ್ಟ್ರೀಯ ಮಿಲಿಟರಿ ಶಾಲೆಗಳೆನಿಸಿಕೊಂಡಿವೆ. ಬಿಜಾಪುರದಲ್ಲಿ 1963ರಲ್ಲಿ ಸೈನಿಕ ಶಾಲೆಯೂ, ಕಿತ್ತೂರಿನಲ್ಲಿ 1969ರಲ್ಲಿ ರಾಣಿ ಚೆನ್ನಮ್ಮನ ಹೆಸರಿನಲ್ಲಿ ಅದೇ ಮಾದರಿಯ ಬಾಲಕಿಯರ ವಸತಿಶಾಲೆಯೂ ಆದುವು. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ಎಂಟರಿಂದ ಹದಿನಾಲ್ಕು ವಯಸ್ಸಿನ ಹುಡುಗರನ್ನು ಆರಿಸಿ, ವಾಸವನ್ನೂ ಶಾಲೆಯ ವಿದ್ಯೆಯನ್ನೂ ಕೊಟ್ಟು, ಕುಸ್ತಿ ಮೊದಲಾದುವುಗಳಲ್ಲಿ ಪಳಗಿಸುವ ಬಾಲಕರ ಕ್ರೀಡಾ ಕಂಪನಿಯಿದೆ. ಕುಸ್ತಿಗೆ ಹೆಸರಾದ ಹಳಿಯಾಳ ಸೀಮೆಗೆ ಇದು ದೂರದ ಮಾತಲ್ಲ. ಇವುಗಳಲ್ಲೆಲ್ಲ ತಂದೆತಾಯಿಗಳ ಒಪ್ಪಿಗೆಯುಂಟು, ರಜೆಗೆ ಮನೆಯುಂಟು, ಅಕ್ಷರವುಂಟು. ಆದರೆ ಇವು ಪರೀಕ್ಷೆಯಿಂದ ಸಮರ್ಥರನ್ನು ಆರಿಸುವ ಸಂಸ್ಥೆಗಳು. ಹೈದರನು ಹಿಡಿದುದು ನಾಥರಿದ್ದ ಮಕ್ಕಳನ್ನು. ಈ ಶಾಲೆಗಳು ಆರಿಸುವುದು ಗೆಲ್ಲಬಲ್ಲ ಮಕ್ಕಳನ್ನು. ದಾರಿತಪ್ಪಿದ ಹುಡುಗನಿಗೆ ಈ ಎರಡರಲ್ಲಿಯೂ ಸ್ಥಳವಿಲ್ಲ.

ಆ ಮೂರನೆಯವನಿಗೆಂದೇ ಸೈನ್ಯವು ನಡೆಯಿಸುವ ಏರ್ಪಾಡು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿದೆ. ಅಲ್ಲಿಯ ನ್ಯಾಷನಲ್ ಗಾರ್ಡ್ ಎಂಬ ಪಡೆಯು 1993ರಿಂದ ಯೂತ್ ಚಾಲೆಂಜ್ ಎಂಬ ಹೆಸರಿನಲ್ಲಿ, ಶಾಲೆ ಬಿಟ್ಟ ಹದಿನಾರರಿಂದ ಹದಿನೆಂಟರ ವಯಸ್ಸಿನವರನ್ನು 22 ವಾರಗಳ ಕಾಲ ವಾಸದಲ್ಲಿಟ್ಟು ಕಲಿಸುತ್ತದೆ. ಇಷ್ಟಪಟ್ಟು ಬಂದವರಿಗೆ ಮಾತ್ರ ಪ್ರವೇಶ. ಸೇನೆಗೆ ಸೇರಬೇಕೆಂಬ ಕಟ್ಟಿಲ್ಲ. ವಾಸವು ಮುಗಿದ ಮೇಲೆ ಒಂದು ವರ್ಷದವರೆಗೆ ಹುಡುಗನ ಊರಿನವನೇ ಆದ ಒಬ್ಬ ಹಿರಿಯನು ಅವನಿಗೆ ಮಾರ್ಗದರ್ಶಕನಾಗಿರುತ್ತಾನೆ. ಮೂರು ವರ್ಷಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ ವಿದ್ಯೆಯಲ್ಲಿಯೂ ಸಂಪಾದನೆಯಲ್ಲಿಯೂ ಇವರು ಮುಂದಿದ್ದುದು ಕಂಡುಬಂದಿತು. ಅಪರಾಧದ ವಿಷಯದಲ್ಲಿ ಹೇಳಿಕೊಳ್ಳುವಂತಹ ಭೇದವು ಕಾಣಲಿಲ್ಲ. ಶಿಸ್ತಿನಿಂದ ಎಲ್ಲವೂ ಸಾಧ್ಯವೆನ್ನುವವರು ಈ ಎರಡನೆಯ ಅಂಶವನ್ನು ಗಮನಿಸತಕ್ಕದ್ದು.

ಈ ಏರ್ಪಾಡನ್ನು ಕಟ್ಟಿದವರು ನಾರದನನ್ನಾಗಲಿ ಮಿತಾಕ್ಷರೆಯನ್ನಾಗಲಿ ಓದಿದವರಲ್ಲ. ಆದರೂ ಅನುಮತಿ, ಅವಧಿ, ಪುತ್ರಭಾವ, ಹಿಂದಿರುಗುವಿಕೆ ಎಂಬ ನಾಲ್ಕೂ ಅದರಲ್ಲಿ ಬಂದು ಕುಳಿತಿವೆ. ಬಾಲಕನನ್ನು ಮನೆಯಿಂದ ದೂರವಿಟ್ಟು ಬೆಳೆಸುವ ಕೆಲಸಕ್ಕೆ ಈ ನಾಲ್ಕು ಅಂಗಗಳು ಸಹಜವಾದುವೆಂದು ಇದರಿಂದ ತಿಳಿಯುತ್ತದೆ. ಶ್ರೀರಂಗಪಟ್ಟಣದ ಚೇಲ ದಳಗಳ ದೋಷವು ಕವಾಯತಿನಲ್ಲಿರಲಿಲ್ಲ. ಬಾಲ್ಯದಲ್ಲಿ ಸೈನ್ಯದಿಂದಲೇ ಉಳಿದ ಹೈದರನಿಗೆ ಕವಾಯತಿನ ಗುಣವು ಗೊತ್ತಿದ್ದಿತು. ತನ್ನನ್ನು ಉಳಿಸಿದುದು ಸೈನ್ಯದೊಳಗಿದ್ದ ಬಂಧುವೆಂಬುದನ್ನು ಮಾತ್ರ ಅವನು ಲೆಕ್ಕಕ್ಕೆ ತರಲಿಲ್ಲ. ಚಿತ್ರದುರ್ಗದ ಆ ಹುಡುಗರ ಹೆಸರುಗಳು ಯಾವ ಬಖೈರಿನಲ್ಲಿಯೂ ಇಲ್ಲ, ಯಾವ ಶಾಸನದಲ್ಲಿಯೂ ಇಲ್ಲ. ಅವರನ್ನು ಕರೆದ ಶಬ್ದವೊಂದು ಮಾತ್ರ ಕನ್ನಡದಲ್ಲಿ ಉಳಿದಿದೆ. ಅದೂ ತಿರಸ್ಕಾರದ ಶಬ್ದವಾಗಿ. ಶಿಷ್ಯನೆಂಬ ಹೆಸರನ್ನು ದಾಸನಿಗೆ ಕೊಟ್ಟುದರಿಂದ ದಾಸನು ಶಿಷ್ಯನಾಗಲಿಲ್ಲ, ಹೆಸರೇ ಕೆಳಗಿಳಿಯಿತು.